ಎರಡಾಳೆತ್ತರದ ಬಾಳೆ

ನನ್ನ ಬಾಯಿಗೆ ಬೀಗ ಹಾಕಬೇಕಿತ್ತು. ಮದುವೆಯಾಗಿ ಮೂರು ತಿಂಗಳೂ ತುಂಬಿರಲಿಲ್ಲ. ನಾಗಮಂಗಲ ಕಡೆಯ ನಾನು ಕೆ.ಆರ್. ಪೇಟೆ ತಾಲ್ಲೂಕಿನ, ಹೇಮಾವತಿ ದಡದ ಊರಿಗೆ ಸೊಸೆಯಾಗಿ ಬಂದಿದ್ದೆ. ಅತ್ತೆ ಹೊಳೆದಂಡೆಯಲ್ಲೇ ಹುಟ್ಟಿ ಬೆಳೆದವರು. ನಿಮ್ಮ ಸೀಮೆಯಲ್ಲಿ ನೀರೆಲ್ಲಿದೆ, ಬರೀ ರಾಗಿ, ಹುರುಳಿ ಎಂದು ದಿನಕ್ಕೊಂದು ಸಲವಾದರೂ ಆಡಿಕೊಳ್ಳದಿದ್ದರೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ. ನನಗೋ ಮೂಗಿನ ತುದಿಯಲ್ಲೇ ಕೋಪ. ತೌರಿನ ಸುದ್ದಿಗೆ ಬಂದರೆ ಸುಮ್ಮನಿರುವವಳಲ್ಲ.

ಬೇಸಿಗೆ ಮುಗಿಯುತ್ತಾ ಬಂದಿದ್ದ ಒಂದು ಬೆಳಿಗ್ಗೆ ಮುದ್ದೆ ಕಟ್ಟುತ್ತಾ, ನಿಮ್ಮ ಕಡೆ ಬಾಳೆ ಸಿಗುತ್ತದೆಯೇ ಎಂದು ಕೇಳಿದರು. ಬಾಳೆಯನ್ನೂ ಕಾಣದ ಊರು ಅಂದುಕೊಂಡರಲ್ಲ ಎಂದು ನನಗೆ ಮೈ ಉರಿದುಹೋಯಿತು. ನಮ್ಮ ಹಿತ್ತಲಲ್ಲೇ ದಂಡಿಯಾಗಿವೆ, ಬಚ್ಚಲ ನೀರು ಕುಡಿದೇ ಕೊಬ್ಬಿವೆ, ಒಂದೊಂದೂ ಎರಡಾಳೆತ್ತರ, ಮಚ್ಚು ಹಿಡಿದು ನಾನೇ ಕಡಿಯುತ್ತಿದ್ದೆ ಎಂದೆ. ಅತ್ತೆಯ ಕೈಯಲ್ಲಿದ್ದ ಮುದ್ದೆ ಅಲ್ಲೇ ನಿಂತಿತು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅಂತೂ ಸೋತರು ಎಂದು ಒಳಗೊಳಗೇ ಹಿಗ್ಗಿದೆ.

ಡೈರಿಗೆ ಹಾಲು ಹಾಕಲು ಹೋದವರು ಸಾಲಿನಲ್ಲಿ ನಿಂತವರಿಗೆಲ್ಲ ನನ್ನ ಸಾಹಸವನ್ನು ಹಂಚಿ ಬಂದರು. ಪಕ್ಕದ ಮನೆಯಲ್ಲಿದ್ದ ಅವರ ಓರಗಿತ್ತಿ, ಅಂದರೆ ನನ್ನ ಚಿಕ್ಕತ್ತೆ, ಮಾತ್ರ ನಂಬಲಿಲ್ಲವಂತೆ. ಸಾಯಂಕಾಲ ಹೊಳೆಗೆ ಕರೆದುಕೊಂಡು ಬಾ, ಕಣ್ಣಾರೆ ನೋಡೋಣ ಅಂದರಂತೆ. ಬಾಳೆಯ ತೋಟ ಹೊಳೆಯಂಚಿನಲ್ಲಿರಬೇಕು ಎಂದುಕೊಂಡು ನಾನು ಮಚ್ಚು ಹಿಡಿದೇ ಹೊರಟೆ. ಅತ್ತೆ ಎಮ್ಮೆ ಹೊಡೆದುಕೊಂಡು ಮುಂದೆ, ನಾನು ಹಿಂದೆ.

ದಡದಲ್ಲಿ ಬಾಳೆಯೂ ಇಲ್ಲ, ತೋಟವೂ ಇಲ್ಲ. ಹೊಳೆ ಬತ್ತಿ ಅಲ್ಲೊಂದು ಇಲ್ಲೊಂದು ಮಡು ಉಳಿದಿತ್ತು, ಅಷ್ಟೇ. ಅತ್ತೆ ಮಡಿಲಿನಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದರು. ಒಳಗೆ ಗಾಳದ ದಾರ, ಕೋಳಿಯ ಕರುಳು. ಆಗ ನನಗೆ ತಲೆಗೆ ಹತ್ತಿತು. ಹೊಳೆಯವರ ಬಾಯಲ್ಲಿ ಬಾಳೆ ಎಂದರೆ ಗಿಡವಲ್ಲ, ಮೀನು. ಮೀಸೆ ಬಿಟ್ಟುಕೊಂಡು, ಬಾಯಿ ತುಂಬ ಹಲ್ಲಿಟ್ಟುಕೊಂಡು ಮಡುವಿನ ತಳದಲ್ಲಿ ಬಿದ್ದಿರುವ ಬಾಳೆ ಮೀನು. ಅಯ್ಯೋ ದೇವರೇ, ಅದು ಬಚ್ಚಲ ನೀರಲ್ಲಿ ಎರಡಾಳೆತ್ತರ ಬೆಳೆಯುತ್ತದೆ ಎಂದು ಹೇಳಿ ಕೂತಿದ್ದೆನಲ್ಲ. ಗಾಳವನ್ನು ನಾನು ಹುಟ್ಟಿದಾಗಿನಿಂದ ಮುಟ್ಟಿರಲಿಲ್ಲ.

ಚಿಕ್ಕತ್ತೆ ಬಂಡೆಯ ಮೇಲೆ ಕೂತು ಫೋನು ಹಿಡಿದು ವಿಡಿಯೋ ಶುರು ಮಾಡಿದ್ದರು. ನಂಟರ ವಾಟ್ಸಾಪ್ ಗುಂಪಿಗೆ ಹಾಕುತ್ತಾರಂತೆ. ಅದು ಹೋಯಿತೆಂದರೆ ನನ್ನ ತೌರಿನ ಮಾನ ಮೂರು ಕಾಸಿಗೆ ಹರಾಜು. ನಾನು ಅತ್ತೆಯ ಕಿವಿಗೆ ಬಾಯಿಟ್ಟು, ನಾನು ಹೇಳಿದ್ದು ಬಾಳೆಗಿಡ ಅತ್ತೆ ಎಂದೆ. ಅತ್ತೆಯ ಮುಖ ಹುಳಿ ಮಜ್ಜಿಗೆ ಕುಡಿದಂತಾಯಿತು.

“ಬಾಯ್ ಮುಚ್ಕೊಂಡು ದಾರ ಇಡ್ಕೊ. ನಾನು ಊರಿಗೆಲ್ಲ ಏಳ್ಬುಟ್ಟಿವ್ನಿ” ಎಂದು ಪಿಸುಗುಟ್ಟಿದರು.

ಕರುಳು ಸಿಕ್ಕಿಸಿದ ಗಾಳವನ್ನು ನನ್ನ ಕೈಗೆ ತುರುಕಿ, ತಾವು ಎಮ್ಮೆಯ ಮೈ ತೊಳೆಯಲು ನೀರಿಗಿಳಿದರು. ಫೋನಿನೆದುರು ಅವರು ದಾರ ಮುಟ್ಟುವಂತಿರಲಿಲ್ಲ, ನನಗೆ ಹೇಳಿಕೊಡುವಂತೆಯೂ ಇರಲಿಲ್ಲ. ಬಿಸಿಲು ಇಳಿಯಿತು. ಸೊಳ್ಳೆಗಳು ನನ್ನ ಕಾಲನ್ನು ಹಂಚಿಕೊಂಡು ತಿಂದವು. ಆಮೇಲೆ ದಾರ ಬೆರಳಲ್ಲಿ ಟಕ್ ಟಕ್ ಎಂದಿತು. ಗಾಬರಿಯಾಗಿ ಎಳೆಯಹೋದೆ.

“ಎಳೀಬ್ಯಾಡ ಕಣೇ, ಓಗಂಗಿದ್ರೆ ಓಗ್ಲಿ ಬುಡು” ಎಂದು ಅತ್ತೆ ಎಮ್ಮೆಗೆ ಬೈದರು.

ಎಮ್ಮೆ ಪಾಪ ಕಂಬದ ಹಾಗೆ ನಿಂತಿತ್ತು. ನಾನು ದಾರ ಬಿಟ್ಟೆ. ಅದು ನನ್ನ ಅಂಗೈ ಸುಡುತ್ತಾ ಓಡಿತು. ಈಗ ನಿಂತುಕೋ ಎಂದು ಅತ್ತೆ ಎಮ್ಮೆಯ ಬೆನ್ನಿಗೆ ಗುದ್ದಿದರು. ನಾನು ದಾರ ಬಿಗಿಹಿಡಿದು ನಿಂತೆ. ಮೆಲ್ಲಗೆ ದಡಕ್ಕೆ ಬಾ ಎಂದರು. ನಾನು ದಾರ ಸುತ್ತಿಕೊಳ್ಳುತ್ತಾ ಹಿಂದೆ ಹಿಂದೆ ನಡೆದೆ. ಆದರೆ ಆ ಮಾತನ್ನು ಎಮ್ಮೆಯೂ ನಂಬಿ ದಡದ ಕಡೆ ಹೊರಟುಬಿಟ್ಟಿತು. ಅತ್ತೆ ಅದರ ಬಾಲ ಹಿಡಿದು ಹಿಂದಕ್ಕೆ ಜಗ್ಗುತ್ತಾ, ನೀನಲ್ಲ, ನೀನಲ್ಲ ಎಂದು ಹಲ್ಲು ಕಚ್ಚಿಕೊಂಡು ಗೊಣಗಿದರು. ಅಷ್ಟರಲ್ಲಿ ತೋಳುದ್ದದ ಬಾಳೆ ಕೆಸರಿಗೆ ಬಂದು ಒದ್ದಾಡಿತು. ಹೇಗೆ ಹಿಡಿಯಬೇಕೋ ಯಾರಿಗೆ ಗೊತ್ತು? ಹೆಗಲ ಮೇಲಿದ್ದ ಟವೆಲ್ಲನ್ನು ಅದರ ಮೇಲೆಸೆದು, ಟವೆಲ್ಲಿನ ಮೇಲೆ ನಾನೂ ಬಿದ್ದೆ. ನಾಗಮಂಗಲದಲ್ಲಿ ಹೀಗೆ ಹಿಡಿಯುತ್ತಾರಾ ಎಂದು ಚಿಕ್ಕತ್ತೆ ಕೇಳಿದರು. ಕೆಸರು ಉಗಿದು, ನಮ್ಮ ಕಡೆ ಹೀಗೇ ಎಂದೆ.

ಮನೆಗೆ ಬಂದು ಅತ್ತೆ ಹುಣಸೆಹುಳಿ ಹಿಂಡಿ ಸಾರು ಮಾಡಿದರು. ಇನ್ನೂ ಕುದಿಯುತ್ತಿರುವಾಗಲೇ ಚಿಕ್ಕತ್ತೆ ಬಟ್ಟಲು ಹಿಡಿದು ಬಂದರು. ಗೋಡೆಗೊರಗಿ ಕೂತು, ಫೋನಿನಲ್ಲಿ ವಿಡಿಯೋ ಹಾಕಿದರು. ಅದರಲ್ಲಿ ನನಗಿಂತ ಅತ್ತೆಯ ದನಿಯೇ ಜೋರಾಗಿತ್ತು.

“ನಿಮ್ಮನೆ ಎಮ್ಮೆ ಒಳ್ಳೆ ಮೀನಿಡೀತದೆ ಕಣಕ್ಕ” ಎಂದರು ಚಿಕ್ಕತ್ತೆ.

ಅತ್ತೆ ಒಲೆಯಿಂದ ತಲೆಯನ್ನೇ ಎತ್ತಲಿಲ್ಲ.

“ನಮ್ಮನೆ ಎಮ್ಮೆ ಅಲ್ವಾ. ಒಸ್ದಾಗಿ ಬಂದದೆ, ಏಳ್ಕೊಟ್ರೆ ಕಲೀತದೆ ಬುಡು.”

ಹಟ್ಟಿಯಲ್ಲಿದ್ದ ಎಮ್ಮೆ ಆ ಮನೆಯಲ್ಲೇ ನಾಲ್ಕು ಕರು ಹಾಕಿದ ಮುದುಕಿ. ಅದು ಚಿಕ್ಕತ್ತೆಗೂ ಗೊತ್ತು. ಬಿದ್ದು ಬಿದ್ದು ನಕ್ಕರು, ನಕ್ಕು ಸುಸ್ತಾದ ಮೇಲೆ ನಮ್ಮೆದುರಿಗೇ ವಿಡಿಯೋ ಅಳಿಸಿದರು. ಬೇರೆ ಯಾರಾದರೂ ನನ್ನನ್ನು ಎಮ್ಮೆ ಅಂದಿದ್ದರೆ ಆವತ್ತೇ ತೌರಿನ ಬಸ್ಸು ಹತ್ತುತ್ತಿದ್ದೆ. ಅತ್ತೆ ನಮ್ಮನೆ ಅಂದದ್ದು ಕೇಳಿ ಮಾತ್ರ ಕಣ್ಣಲ್ಲಿ ನೀರು ಬಂತು. ಸಾರಿನ ಖಾರ ಎಂದುಕೊಳ್ಳಲಿ ಎಂದು, ಸೌಟು ಕಿತ್ತುಕೊಂಡು ನಾನೇ ಬಡಿಸಲು ಕೂತೆ.