ಒಂಟಿ ಸೀಟಿನ ಗಾಡಿಗೊಂದು ಹಸುಬೆ

ನನ್ನ ಮೋಟಾರ್ ಸೈಕಲ್ಲಿನ ಹಿಂದಿನ ಸೀಟು ಬಿಚ್ಚುವ ಮೊದಲು ಸೇಲಂನ ಮೆಕ್ಯಾನಿಕ್ ಒಂದೇ ಒಂದು ಪ್ರಶ್ನೆ ಕೇಳಿದ. "ಪಿನ್ನಾಡಿ ಯಾರ್ ಸಾರ್ ಉಕ್ಕಾರ್ವಾಂಗ?" ಹಿಂದೆ ಯಾರು ಕೂರುತ್ತಾರೆ ಅಂತ. ಯಾರೂ ಇಲ್ಲ ಎಂದು ನಾನೂ ತಮಿಳಿನಲ್ಲೇ ಹೇಳಿದೆ. ಅವನು ಸ್ಪ್ಯಾನರ್ ಎತ್ತಿಕೊಂಡ.

ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ಏರ್ಕಾಡಿನ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಗುಮಾಸ್ತನಾಗಿದ್ದೆ. ಗಾಡಿ ಹಳೆಯದು, ಹಲವರ ಕೈ ದಾಟಿ ನನ್ನ ಕೈಗೆ ಬಂದದ್ದು. ಹಿಂದೆ ಓಡಿಸಿದವರೆಲ್ಲ ಅದಕ್ಕೆ ಏನೇನೋ ಸಿಕ್ಕಿಸಿದ್ದರು. ಸೀರೆ ಸಿಕ್ಕದ ಹಾಗೆ ಜಾಲರಿ, ಮುಂದೆ ಕಂಬಿ, ಹಿಂದೆ ಕ್ಯಾರಿಯರ್, ಪಕ್ಕದಲ್ಲಿ ಮುಚ್ಚಳ. ನಾನು ಒಂದೊಂದಾಗಿ ಎಲ್ಲ ಕಿತ್ತು ಹಾಕಿಸಿದೆ. ಕೊನೆಗೆ ಉಳಿದದ್ದು ಎಂಜಿನ್, ಟ್ಯಾಂಕು, ಎರಡು ಚಕ್ರ, ನನ್ನೊಬ್ಬನಿಗೆ ಸಾಕಾಗುವ ಸ್ಪ್ರಿಂಗ್ ಸೀಟು, ಅದರ ಹಿಂದೆ ಬೋಳು ಮಡ್‌ಗಾರ್ಡ್. ಎಸ್ಟೇಟಿನ ಆಳುಗಳು ಅದನ್ನು ಎಲುಂಬು ವಂಡಿ ಎಂದು ಕರೆದರು, ಮೂಳೆ ಗಾಡಿ. ಹೀಯಾಳಿಸಿದ್ದೇ ಇರಬೇಕು, ನನಗೇನೋ ಹೆಮ್ಮೆಯಾಯಿತು. ನನ್ನ ಬದುಕಿನಲ್ಲಿ ಬೇಡದ್ದೇನೂ ಇಲ್ಲ, ಗಾಡಿಯಲ್ಲಿ ಯಾಕಿರಬೇಕು ಎಂದು ಹೇಳಿಕೊಂಡು ತಿರುಗುತ್ತಿದ್ದೆ. ನಿಜ ಹೇಳಬೇಕೆಂದರೆ ಬದುಕಿನಲ್ಲಿ ಬೇಕಾದದ್ದೂ ಇರಲಿಲ್ಲ.

ಮದುವೆಯಾಗಿರಲಿಲ್ಲ. ಬೆಟ್ಟದ ಮೇಲೆ ನನ್ನೊಡನೆ ಕನ್ನಡ ಮಾತಾಡುವವರು ಯಾರೂ ಇರಲಿಲ್ಲ. ಲೆಕ್ಕ ತಮಿಳಿನಲ್ಲಿ, ಬೈಗುಳ ತಮಿಳಿನಲ್ಲಿ, ಸಾಹೇಬರ ಹತ್ತಿರ ಇಂಗ್ಲಿಷಿನಲ್ಲಿ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗದೆ ಸತಾಯಿಸಿದಾಗ ಮಾತ್ರ ಬಾಯಿಂದ ನಮ್ಮ ಮಾತು ಬರುತ್ತಿತ್ತು. "ಯಾಕ್ಲಾ ಇಂಗಾಡ್ತೀಯ?" ಅನ್ನುತ್ತಿದ್ದೆ. ದಿನಕ್ಕೆ ಅಷ್ಟೇ ಕನ್ನಡ.

ಕೆಲಸದ ನಿಮಿತ್ತ ಕಾಫಿ, ಮೆಣಸಿನ ಮಾದರಿಗಳನ್ನು ಘಾಟ್ ಇಳಿಸಿ ಸೇಲಂನ ವ್ಯಾಪಾರಿಗಳಿಗೆ ಒಯ್ಯಬೇಕಿತ್ತು, ಬರುವಾಗ ದಿನಸಿ ಹೇರಿಕೊಂಡು ಬರಬೇಕಿತ್ತು. ಬೆನ್ನಿಗೆ ನೇತುಹಾಕಿಕೊಂಡು ಹೋಗಿ ಹೋಗಿ ಹೆಗಲು ಬಿದ್ದುಹೋಗಿತ್ತು. ಗಾಡಿಗೆ ಚೀಲ ಬೇಕೇ ಬೇಕಾಯಿತು. ಆದರೆ ನನ್ನದೊಂದು ಹಟ. ಹೊಸದಾಗಿ ತೂತು ಕೊರೆಯಬಾರದು, ಬೆಸುಗೆ ಹಾಕಬಾರದು, ಚೀಲ ತೆಗೆದ ಕೂಡಲೇ ಗಾಡಿ ಮತ್ತೆ ಬೋಳಾಗಬೇಕು.

ಮೆಕ್ಯಾನಿಕ್ ಕಬ್ಬಿಣದ ಚೌಕಟ್ಟು ಹಾಕಿ ಎರಡು ತಗಡಿನ ಪೆಟ್ಟಿಗೆ ಕೂರಿಸುತ್ತೇನೆ ಎಂದ. ಬ್ರೆಡ್ ಮಾರುವವನ ಹಾಗೆ ಕಾಣುತ್ತೇನೆ, ಬೇಡ ಎಂದೆ. ಹಳೆ ಸಾಮಾನಿನ ಬೀದಿಯಲ್ಲಿ ಮಿಲಿಟರಿಯ ಕ್ಯಾನ್ವಾಸ್ ಚೀಲಗಳು ಸಿಕ್ಕವು. ಬಣ್ಣ ಚೆನ್ನಾಗಿತ್ತು, ಪಟ್ಟಿ ಉದ್ದವಾಗಿತ್ತು. ಘಾಟಿನ ಮೂರನೇ ತಿರುವಿನಲ್ಲೇ ಆ ಪಟ್ಟಿ ಚಕ್ರದ ಕಡ್ಡಿಗೆ ಸುತ್ತಿಕೊಂಡು ನನ್ನನ್ನು ಮೋರಿಗೆ ಕೆಡವಿತು. ರೆಕ್ಸಿನ್ ಚೀಲವೊಂದನ್ನು ಟ್ಯಾಂಕಿನ ಮೇಲೆ ಕಟ್ಟಿ ನೋಡಿದೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗಲೆಲ್ಲ ಅದು ಮುಂದಕ್ಕೆ ಜಾರಿ ಹ್ಯಾಂಡಲ್ ತಿರುಗಲು ಬಿಡುತ್ತಿರಲಿಲ್ಲ.

ಕೊನೆಗೆ ಚರ್ಮದ ಕೆಲಸದವನ ಹತ್ತಿರ ಹೋದೆ. ಜೋಡಿ ಚೀಲ ಹೊಲಿಯಲು ಅವನು ಸಿದ್ಧನಿದ್ದ. ಗಾಡಿಯ ಸುತ್ತ ಒಮ್ಮೆ ಸುತ್ತಿದವನು, "ಮಾಟ್ಟರತುಕ್ಕು ಇಡಮೇ ಇಲ್ಲೆ ಸಾರ್" ಎಂದ. ನೇತುಹಾಕಲು ಜಾಗವೇ ಇಲ್ಲ ಅಂತ. ನನಗೆ ರೇಗಿತು. ಕತ್ತೆಗೆ ಯಾವ ಕೊಕ್ಕೆ ಇರುತ್ತದೆ, ಅದರ ಮೇಲೆ ಹೇರುವುದಿಲ್ಲವೇ ಎಂದುಬಿಟ್ಟೆ. ಹಾಗೆ ಅಂದಮೇಲೆ ನನಗೇ ಹೊಳೆಯಿತು. ನಮ್ಮ ಮನೆಯಲ್ಲಿ ಒಂದು ಹಸುಬೆ ಇತ್ತು.

ಘಾಟ್ ದಾಟಿ ಹೋಗಬೇಕಾದ ಪೆನ್ನಾಗರಂ ಕಡೆಯ, ಕನ್ನಡ ಮಾತಾಡುವ ಕುರಿ ಸಾಕುವ ಮನೆ ನಮ್ಮದು. ಹಿಂಡು ಹೊಡೆದುಕೊಂಡು ದೂರ ಹೋಗುವಾಗ ಕತ್ತೆಯ ಬೆನ್ನ ಮೇಲೆ ಹಸುಬೆ ಹಾಕುತ್ತಿದ್ದರು. ಕರಿ ಉಣ್ಣೆಯಲ್ಲಿ ನೇಯ್ದ ಉದ್ದನೆಯ ಚೀಲ, ನಡುವೆ ಬಾಯಿ, ಎರಡೂ ತುದಿಗೆ ಹೊಟ್ಟೆ. ನಡೆಯಲಾರದ ಎಳೆ ಮರಿ, ಪಾತ್ರೆ, ರಾಗಿ ಎಲ್ಲ ಅದರಲ್ಲೇ. ಅಣ್ಣ ಕೂಸಾಗಿದ್ದಾಗ ಅವ್ವ ಅವನನ್ನು ಒಂದು ಬದಿಗೆ ಕೂರಿಸಿ, ಇನ್ನೊಂದು ಬದಿಗೆ ಅವನಷ್ಟೇ ತೂಕದ ಕಲ್ಲಿಡುತ್ತಿದ್ದಳಂತೆ. ನಾನು ಹುಟ್ಟಿದ ಮೇಲೆ ಕಲ್ಲನ್ನು ತೆಗೆದು ಆ ಬದಿಗೆ ನನ್ನನ್ನು ಹಾಕಿದಳು. ಕಲ್ಲು ಹೊಸಲ ಪಕ್ಕ ಬಿತ್ತು. ನಾವಿಬ್ಬರೂ ದೊಡ್ಡವರಾಗುವವರೆಗೆ ಅದರ ಮೇಲೆ ಕೂತೇ ಮುದ್ದೆ ತಿಂದೆವು.

ಹಸುಬೆ ಬೇಕೆಂದರೆ ಅಣ್ಣನನ್ನು ಕೇಳಬೇಕು. ಅಲ್ಲೇ ನಾನು ಹಿಂದೇಟು ಹಾಕಿದೆ.

ಅವ್ವ ಹೋದ ಮೇಲೆ ಹಿಂಡನ್ನು ಪಾಲು ಮಾಡಲು ಅಣ್ಣ ಕರೆದಾಗ, ಸಂಬಳದವನಿಗೆ ಕುರಿ ಯಾಕೆ, ಎಲ್ಲ ನೀನೇ ಇಟ್ಟುಕೋ ಎಂದು ನಾನು ದೊಡ್ಡ ಮನುಷ್ಯನ ಹಾಗೆ ಹೇಳಿದ್ದೆ. ಒಳ್ಳೆಯದನ್ನೇ ಮಾಡಿದೆ ಅಂದುಕೊಂಡಿದ್ದೆ. ಆದರೆ ನಮ್ಮಲ್ಲಿ ಒಂದಾದರೂ ಕುರಿಯ ಕಿವಿಗೆ ತನ್ನ ಗುರುತಿನ ಕಚ್ಚು ಹಾಕಿಸಿ ಹಿಂಡಿನಲ್ಲಿ ಬಿಟ್ಟವನು ಎಲ್ಲಿದ್ದರೂ ಆ ಮನೆಯವನು. ಹಿಂಡಿನಲ್ಲಿ ಏನೂ ಇಲ್ಲದವನು ನೆಂಟ. ಅಣ್ಣ ಜಗಳವಾಡಲಿಲ್ಲ. ಮುಂದಿನ ಸಲ ನಾನು ಹೋದಾಗ ಒಳಗಿನಿಂದ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟು, "ಕುಂತ್ಕಪ್ಪ" ಎಂದ, ಅಷ್ಟೇ. ಮನೆಯವರಿಗೆ ಕೂರು ಎಂದು ಯಾರು ಹೇಳುತ್ತಾರೆ? ಅವರು ಕಲ್ಲೋ ಜಗಲಿಯೋ ನೋಡಿಕೊಂಡು ಕೂರುತ್ತಾರೆ. ಆ ಕುರ್ಚಿಯ ಮೇಲೆ ಕೂತು ಕಾಫಿ ಕುಡಿದಾಗ ಆದಷ್ಟು ಸಂಕಟ ನನಗೆ ಬೆಟ್ಟದ ಮೇಲಿನ ಯಾವ ಒಂಟಿ ಸಂಜೆಯಲ್ಲೂ ಆಗಿರಲಿಲ್ಲ. ಆಮೇಲೆ ಹೋದಾಗಲೆಲ್ಲ ಕುರ್ಚಿ ಬಂತು. ಹೋಗುವುದೇ ಕಡಿಮೆಯಾಯಿತು.

ಮನೆಯ ಹಸುಬೆಯನ್ನು ನೆಂಟರು ಕೇಳುವುದಿಲ್ಲ, ಮನೆಯವರು ನೆಂಟರಿಗೆ ಕೊಡುವುದೂ ಇಲ್ಲ. ಹಾಗಾಗಿ ನಾನು ಕೇಳಲು ಹೊರಟದ್ದು ಬರೀ ಚೀಲವನ್ನಲ್ಲ. ಕೊಟ್ಟರೆ ನಾನಿನ್ನೂ ಆ ಮನೆಯವನು. ಕೊಡದಿದ್ದರೆ ಇಲ್ಲ. ಊರ ದಾರಿಯ ತೊಪ್ಪೂರು ಘಾಟಿನುದ್ದಕ್ಕೂ ಇದನ್ನೇ ನೆನೆದು ಗಾಡಿ ಓಡಿಸಿದೆ.

ಅಣ್ಣ ಕುರ್ಚಿ ತಂದಿಟ್ಟ. ನಾನು ಕೂರದೆ ನಿಂತೇ ಕೇಳಿದೆ. ಅವನು ಒಳಗೆ ಹೋಗಿ ಅಟ್ಟದಿಂದ ಹಸುಬೆ ಇಳಿಸಿ, ಅಂಗಳಕ್ಕೆ ತಂದು ಧೂಳು ಕೊಡವಿದ. ಆಮೇಲೆ ಗಾಡಿಯ ಹತ್ತಿರ ಹೋಗಿ ಮಡ್‌ಗಾರ್ಡಿನ ಮೇಲೆ ಕೈಯಾಡಿಸಿದ.

"ಇಂದ್ಗಡೆ ಸೀಟೆಲ್ಲಿ?"

"ತೆಗೆಸ್ಬುಟ್ಟೆ ಅಣ್ಣ. ಸುಮ್ನೆ ಭಾರ."

ಅವನು ತಲೆಯಾಡಿಸಿದ. ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಸುಮ್ಮನಿರಲಿಲ್ಲ. "ನಿಮ್ಮಣ್ಣ ಊರೆಲ್ಲ ಯೋಳ್ಕಂಡು ತಿರುಗ್ತಿದ್ರು. ತಮ್ಮ ವಂಡಿ ತಕಂಡವ್ನೆ, ಒಂದಿನ ಇಂದೆ ಕೂರಿಸ್ಕಂಡು ಏರ್ಕಾಡ್ ತೋರುಸ್ತಾನೆ ಅಂತ. ಈಗ ನೋಡುದ್ರೆ ಸೀಟೇ ಇಲ್ವಲ್ಲ!"

"ಸುಮ್ಕಿರೇ," ಎಂದು ಅಣ್ಣ ಗದರಿದ. ನನ್ನ ಮುಖ ನೋಡಲಿಲ್ಲ.

ಹಿಂದೆ ಕೂರುವವರು ಯಾರೂ ಇಲ್ಲ ಎಂದು ಸೇಲಂನಲ್ಲಿ ನಾನು ಎಷ್ಟು ಸಲೀಸಾಗಿ ಹೇಳಿದ್ದೆ! ಅದೇ ಹೊತ್ತಿನಲ್ಲಿ ಇಲ್ಲೊಬ್ಬ ಊರ ತುಂಬ ಮಾತಿನಲ್ಲೇ ನನ್ನ ಗಾಡಿಯ ಹಿಂದೆ ಕೂತು ತಿರುಗುತ್ತಿದ್ದ.

ಅಣ್ಣ ಕತ್ತೆಗೆ ಹೇರುವ ಹಾಗೆಯೇ ಕೆಲಸ ಶುರುಮಾಡಿದ. ಮೊದಲು ಹಳೆ ಕಂಬಳಿಯ ತುಂಡು ಮಡಿಸಿ ಮಡ್‌ಗಾರ್ಡಿನ ಮೇಲೆ ಹಾಸಿದ, ಬೆನ್ನು ಹುಣ್ಣಾಗದಿರಲಿ ಅಂತ. ಸೈಲೆನ್ಸರ್ ಮುಟ್ಟಿ ನೋಡಿ ಕೈ ಸುಟ್ಟುಕೊಂಡು, ಆ ಕಡೆ ಚೀಲ ಒಂದು ಗೇಣು ಮೇಲೆ ನಿಲ್ಲುವಂತೆ ಹಗ್ಗ ಎಳೆದು ಕಟ್ಟಿದ. ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ಮಟ್ಟ ನೋಡಿದ. ತಿಂಗಳುಗಟ್ಟಲೆ ನಾನು ಹುಡುಕಿದ್ದೆಲ್ಲ ಅಲ್ಲಿತ್ತು. ಒಂದು ತೂತಿಲ್ಲ, ಒಂದು ಬೋಲ್ಟಿಲ್ಲ.

ಒಂದು ಬದಿಗೆ ಅತ್ತಿಗೆ ರಾಗಿ ತುಂಬಿಸಿದಳು. ಅಣ್ಣ ಹೊಸಲ ಪಕ್ಕ ಹೋಗಿ, ಆ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ತಂದು ಇನ್ನೊಂದು ಬದಿಗೆ ಇಳಿಸಿದ.

"ಒಂದ್ ಕಡೆ ಎಳೀಬಾರ್ದಲ್ಲ," ಎಂದ.

ರಾಗಿಯನ್ನು ಎರಡು ಪಾಲು ಮಾಡಿದ್ದರೆ ಕಲ್ಲೇ ಬೇಕಿರಲಿಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಹುಟ್ಟುವ ಮೊದಲು ನನ್ನ ಜಾಗದಲ್ಲಿ ಕೂತಿದ್ದ ಕಲ್ಲು, ಈಗ ಅವನ ಜಾಗದಲ್ಲಿ ಕೂತು ನನ್ನ ಜೊತೆ ಹೊರಟಿತು.

ಗಾಡಿ ಅಷ್ಟು ನೆಟ್ಟಗೆ ಎಂದೂ ಓಡಿರಲಿಲ್ಲ. ಏರ್ಕಾಡಿನ ತಿರುವುಗಳಲ್ಲಿ ಎಡಕ್ಕೂ ಬಲಕ್ಕೂ ಒಂದೇ ಹದದಲ್ಲಿ ವಾಲಿತು. ಯಾರೋ ಹಿಂದಿದ್ದಾರೆ ಅನ್ನಿಸಿ ಎರಡು ಸಲ ತಿರುಗಿ ನೋಡಿದೆ. ಹಸುಬೆ ಸಿಕ್ಕಿತ್ತು, ಮನೆಯವನೇ ಎಂದು ಅಣ್ಣ ಒಪ್ಪಿದ ಹಾಗೂ ಆಗಿತ್ತು. ಆದರೂ ನನಗೆ ಅಳು ಬಂತು. ಕ್ವಾರ್ಟರ್ಸ್ ತಲುಪಿ ಕಲ್ಲನ್ನು ಬಾಗಿಲ ಪಕ್ಕ ಇಟ್ಟೆ. ಅದರ ಮೇಲೆ ಕೂರಲು ಮನಸ್ಸಾಗಲಿಲ್ಲ.

ಮುಂದಿನ ಸಂಬಳದ ವಾರ ಮತ್ತೆ ಮೆಕ್ಯಾನಿಕ್ ಹತ್ತಿರ ಹೋದೆ. ಹಳೆ ಸೀಟು ಎಲ್ಲಿ ಹೋಯಿತೋ ಅವನಿಗೇ ನೆನಪಿಲ್ಲ. ಬೇರೆ ಯಾವುದೋ ಗಾಡಿಯ ಉದ್ದ ಸೀಟು ತಂದು, ಎರಡು ಕಡೆ ತೂತು ಕೊರೆದು ಕೂರಿಸಿದ. ಗಾಡಿಯ ಅಂದವೆಲ್ಲ ಕೆಟ್ಟಿತು. ಕಾಲಿಡಲು ಫುಟ್‌ರೆಸ್ಟ್ ಬೇಕೇ ಎಂದು ಕೇಳಿದ. ಬೇಕು ಎಂದೆ.

ಖಾಲಿ ಹಸುಬೆಯನ್ನು ಸೀಟಿನ ಮೇಲೆ ಅಡ್ಡ ಹಾಕಿಕೊಂಡು ಊರಿಗೆ ಹೋದೆ. ಸದ್ದು ಕೇಳಿ ಅಣ್ಣ ಎಂದಿನಂತೆ ಕುರ್ಚಿ ಎತ್ತಿಕೊಂಡು ಹೊರಗೆ ಬಂದ. ಅರ್ಧ ಅಂಗಳದಲ್ಲಿ ನಿಂತ. ಸೀಟು ನೋಡಿದ, ಫುಟ್‌ರೆಸ್ಟ್ ನೋಡಿದ.

"ಕಲ್ಲೆಲ್ಲಿ?"

"ಅಲ್ಲೇ ಬುಟ್ಟುಬಂದೆ."

ಅವನು ಕುರ್ಚಿಯನ್ನು ಹಾಗೇ ಒಳಕ್ಕೆ ತಿರುಗಿ ಒಯ್ದ. ಹೆಗಲಿಗೆ ಕಂಬಳಿ ಹಾಕಿಕೊಂಡು ಬಂದು, ನನ್ನ ಭುಜ ಹಿಡಿದು, ಹಸುಬೆಯ ಮೇಲೆಯೇ ಕಾಲು ಹಾಕಿ ನನ್ನ ಹಿಂದೆ ಕೂತ.

"ಲೇ," ಎಂದ, "ವಸಿ ಮುಂದಕ್ ಸರೀಲಾ."