ಯಾವ ಮಂಜುಳಾ, ಯಾವ ಸಾನ್ವಿ

ನನ್ನ ಹೆಸರು ಮಂಜುಳಾ. ಇಷ್ಟು ಹೇಳಿದರೆ ಸಾಕು, ಮುಂದಿನ ಪ್ರಶ್ನೆ ಬಂದೇ ಬರುತ್ತದೆ: ಯಾವ ಮಂಜುಳಾ? ನಲವತ್ತೊಂಬತ್ತು ವರ್ಷದಿಂದ ಈ ಪ್ರಶ್ನೆಗೆ ಉತ್ತರ ಕೊಡುತ್ತಿದ್ದೇನೆ. ಕಂಪ್ಲಿಯಲ್ಲಿದ್ದಾಗ ನಾನು ಗಿರಣಿ ಓಣಿಯ ಮಂಜುಳಾ. ಹೊಸಪೇಟೆಯ ಕಾಲೇಜಿಗೆ ಸೇರಿದ ಮೇಲೆ ಕಂಪ್ಲಿ ಮಂಜುಳಾ. ಚರಿತ್ರೆಯ ಮೇಷ್ಟ್ರನ್ನು ಮದುವೆಯಾಗಿ ಹೊಸಪೇಟೆಯಲ್ಲೇ ನೆಲೆನಿಂತ ಮೇಲೆ ಮೇಷ್ಟ್ರ ಮನೆ ಮಂಜುಳಾ. ಈಗ ಮಕ್ಕಳ ಡಾಕ್ಟರೊಬ್ಬರ ಬಳಿ ಚೀಟಿ ಬರೆದು ಹೆಸರು ಕೂಗುವ ಕೆಲಸದಲ್ಲಿರುವುದರಿಂದ ದವಾಖಾನಿ ಮಂಜುಳಾ. ನನ್ನ ಹೆಸರು ಒಂಟಿಯಾಗಿ ಮನೆಯಿಂದ ಹೊರಬಿದ್ದದ್ದೇ ಇಲ್ಲ. ಯಾವಾಗಲೂ ಜೊತೆಗೊಬ್ಬರು ಬೇಕು.

ಇಂಥ ನನಗೆ ಈಚೆಗೆ ಒಂದು ಕೂಸಿಗೆ ಹೆಸರಿಡುವ ಅಧಿಕಾರ ಬಂತು. ನನ್ನ ತಮ್ಮ ಮಲ್ಲಿಕಾರ್ಜುನ ನನಗಿಂತ ಹದಿನೈದು ವರ್ಷ ಚಿಕ್ಕವನು, ಸಂಡೂರಿನ ಗಣಿಯೊಂದರಲ್ಲಿ ಸರ್ವೆಯರ್. ಮದುವೆಯಾಗಿ ಆರು ವರ್ಷಕ್ಕೆ ಅವನಿಗೆ ಹೆಣ್ಣು ಮಗು ಹುಟ್ಟಿತು. ನಮ್ಮ ಕಡೆ ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ, ಎಂದರೆ ನಾನು. ಅಪ್ಪ ಅವ್ವ ಮೊದಲೇ ಏನಾದರೂ ಅಂದುಕೊಂಡಿರಬಹುದು, ಜಾತಕ ಬರೆದವರು ಅಕ್ಷರ ಸೂಚಿಸಿರಬಹುದು. ಆದರೆ ಅತ್ತೆ ಬಗ್ಗಿ ಕುರ್‍ರ್ ಎಂದು ಕಿವಿಯಲ್ಲಿ ಏನು ಉಸುರುತ್ತಾಳೋ ಅದೇ ಹೆಸರು, ಅದರ ಮೇಲೆ ಅಪೀಲು ಇಲ್ಲ. ಆಕೆ ಹೆಸರು ಹೇಳಿ ಮುಗಿಸುವುದೇ ತಡ, ಸುತ್ತ ನಿಂತ ಹೆಂಗಸರೆಲ್ಲ ಆಕೆಯ ಬೆನ್ನಿಗೆ ಗುದ್ದುತ್ತಾರೆ. ಈ ಗುದ್ದು ಯಾಕೆಂದು ಯಾರೂ ನನಗೆ ಸರಿಯಾಗಿ ಹೇಳಿಲ್ಲ. ಆ ಹೆಸರನ್ನು ಹೊತ್ತುಕೊಂಡು ಕೂಸು ಮುಂದೆ ಪಡಬೇಕಾದ ಪಾಡಿಗೆ ಅತ್ತೆಗೆ ಮುಂಗಡವಾಗಿ ಕೊಡುವ ಶಿಕ್ಷೆ ಇದ್ದೀತು ಎಂಬುದು ನನ್ನ ಊಹೆ.

ತಮ್ಮ ಫೋನು ಮಾಡಿ, ತಾವಿಬ್ಬರೂ ಸಾನ್ವಿ ಅಂತ ಅಂದುಕೊಂಡಿದ್ದೇವೆ, ಆದರೆ ಕಡೆಯ ಮಾತು ನಿನ್ನದೇ ಎಂದ. ನಾನು ಕೇಳಿಸಿಕೊಂಡೆ. ಒಪ್ಪಿದೆ ಎನ್ನಲಿಲ್ಲ.

ಯಾಕೆ ಒಪ್ಪಲಿಲ್ಲ ಎಂದು ತಿಳಿಯಬೇಕಾದರೆ ನೀವು ಒಂದು ಸೋಮವಾರ ನಮ್ಮ ದವಾಖಾನೆಗೆ ಬಂದು ಕುಳಿತುಕೊಳ್ಳಬೇಕು. ನಾನು ಬಾಗಿಲಲ್ಲಿ ನಿಂತು ಸಾನ್ವಿ ಎಂದು ಕೂಗಿದರೆ ನಾಲ್ಕು ಬೆಂಚಿನಿಂದ ನಾಲ್ವರು ತಾಯಂದಿರು ಒಟ್ಟಿಗೆ ಏಳುತ್ತಾರೆ, ನಾಲ್ಕೂ ಕೂಸು ಒಟ್ಟಿಗೆ ಅಳುತ್ತವೆ. ಒಮ್ಮೆ ಒಬ್ಬ ಸಾನ್ವಿಯ ಕೆಮ್ಮಿನ ಔಷಧಿ ಇನ್ನೊಬ್ಬ ಸಾನ್ವಿಯ ಚೀಲಕ್ಕೆ ಹೋಗಿಯೇಬಿಟ್ಟಿತ್ತು. ಆ ತಾಯಿ ಬಾಗಿಲಿನಿಂದ ತಿರುಗಿ ಬಂದು, ನಮ್ಮ ಹುಡುಗಿಗೆ ಹೊಟ್ಟೆ ಕೆಟ್ಟಿದೆಯೇ ಹೊರತು ಕೆಮ್ಮಿಲ್ಲವಲ್ಲ ಎಂದು ಕೇಳಿದ್ದಕ್ಕೆ ನಾನು ಬಚಾವಾದೆ. ಅಂದಿನಿಂದ ಚೀಟಿಯಲ್ಲಿ ಊರನ್ನೂ ಬರೆಯುತ್ತೇನೆ, ಕೂಗುವಾಗಲೂ ಸೇರಿಸಿಯೇ ಕೂಗುತ್ತೇನೆ. ಮೆಟ್ರಿ ಸಾನ್ವಿ. ಪಾಪಿನಾಯಕನಹಳ್ಳಿ ಸಾನ್ವಿ. ಹಾಗೆ ಕೂಗಿದಾಗಲೆಲ್ಲ, ಇನ್ನೂ ಹಲ್ಲು ಬಾರದ ಈ ಮಕ್ಕಳಿಗೆ ಈಗಲೇ ನನ್ನ ಗತಿ ಬಂತಲ್ಲ ಎಂದುಕೊಳ್ಳುತ್ತೇನೆ.

ನನ್ನ ಗತಿ ಎಂದೆ. ಅದನ್ನೂ ಹೇಳಿಬಿಡುತ್ತೇನೆ. ಪಿಯುಸಿಯಲ್ಲಿ ನಾವು ಮೂವರು ಮಂಜುಳಾಗಳಿದ್ದೆವು. ಕಂಪ್ಲಿಯವಳು ನಾನು, ಸಂಡೂರಿನವಳೊಬ್ಬಳು, ಮೆಟ್ರಿಯವಳೊಬ್ಬಳು. ವಾರ್ಷಿಕೋತ್ಸವದ ದಿನ ಪ್ರಬಂಧ ಸ್ಪರ್ಧೆಯ ಮೊದಲ ಬಹುಮಾನ ಮಂಜುಳಾ ಎಂದು ಮೈಕಿನಲ್ಲಿ ಕೇಳಿಸಿತು. ನಾನು ಅವ್ವನ ರೇಷ್ಮೆ ಸೀರೆ ಉಟ್ಟು ಬಂದಿದ್ದೆ. ಎದ್ದೆ, ನಡೆದೆ, ವೇದಿಕೆಯ ಎರಡು ಮೆಟ್ಟಿಲು ಹತ್ತಿಯೂ ಬಿಟ್ಟೆ. ಆಗ ಮೇಷ್ಟ್ರು ಕನ್ನಡಕ ಸರಿ ಮಾಡಿಕೊಂಡು, ಸಂಡೂರು ಮಂಜುಳಾ ಎಂದು ಇನ್ನೊಮ್ಮೆ ಓದಿದರು. ಹತ್ತಿದ ಮೆಟ್ಟಿಲನ್ನು ಇಡೀ ಕಾಲೇಜಿನ ಎದುರು ಇಳಿಯುವುದು ಎಷ್ಟು ಕಷ್ಟವೆಂದು ಇಳಿದವರಿಗೇ ಗೊತ್ತು. ನಮ್ಮ ಮನೆತನದ ಯಾವ ಹೆಣ್ಣು ಮಗುವಿಗೂ ನಾಲ್ಕು ಮಂದಿಗಿರುವ ಹೆಸರು ಬರಬಾರದು ಎಂದು ನಾನು ಆವತ್ತೇ ನಿಶ್ಚಯಿಸಿದೆ. ಈ ಕಥೆಯನ್ನು ಮೂವತ್ತು ವರ್ಷದಿಂದ ಕೇಳಿದವರಿಗೂ ಕೇಳದವರಿಗೂ ಹೇಳುತ್ತಾ ಬಂದಿದ್ದೇನೆ.

ಹಾಗಾಗಿ ನನ್ನ ಬಳಿ ಒಂದು ಹೆಸರು ತಯಾರಿತ್ತು: ಪಂಪಾ. ನಮ್ಮ ನದಿಯ ಹಳೆಯ ಹೆಸರು, ಹಂಪಿಯ ದೇವಿಯ ಹೆಸರು, ಎರಡೇ ಅಕ್ಷರ. ನನಗೆ ಹುಟ್ಟಿದ ಇಬ್ಬರೂ ಗಂಡುಮಕ್ಕಳಾದ್ದರಿಂದ ಅದು ಟ್ರಂಕಿನ ತಳದ ಹೊಸ ಸೀರೆಯಂತೆ ಮಡಿಕೆ ಬಿಚ್ಚದೆ ಉಳಿದಿತ್ತು. ಮನೆಯಲ್ಲಿ ಪ್ರಸ್ತಾಪಿಸಿದೆ. ಕಾಲುವೆ ನೀರಿನ ಸೀಮೆಯಲ್ಲಿ ಹುಡುಗರು ಅದನ್ನು ಪಂಪ್‌ಸೆಟ್ ಮಾಡಿಬಿಡುತ್ತಾರೆ ಎಂದು ನನ್ನ ದೊಡ್ಡ ಮಗನೇ ಮೊದಲು ನಕ್ಕ. ಕಂಪ್ಲಿಯಿಂದ ಅವ್ವ ಬೇರೆಯೇ ರಾಗ ತೆಗೆದಳು. ಅವಳಿಗೆ ತನ್ನ ತಾಯಿಯ ಹೆಸರು ಹಂಪಮ್ಮ ಬರಬೇಕು. ಸಾನ್ವಿ ಎಂದರೆ ಲಕ್ಷ್ಮಿಯಂತೆ ಎಂದು ಮೊಬೈಲು ನೋಡಿ ತಮ್ಮ ಹೇಳಿದ್ದಕ್ಕೆ, ದಿನಾ ಲಕ್ಷ್ಮಿಯ ಸಾವಿರ ಹೆಸರು ಓದುವ ತನಗೆ ಈಕೆ ಒಂದು ದಿನವೂ ಭೇಟಿಯಾಗಿಲ್ಲವಲ್ಲ ಎಂದಳಂತೆ. ನಾನೂ ಮನೆಯಲ್ಲಿದ್ದ ಹಳೆಯ ನಿಘಂಟನ್ನು ತೆರೆದು ಹುಡುಕಿದೆ. ಅದರಲ್ಲಿ ಸಿಗಲಿಲ್ಲ. ಸಿಗದಿದ್ದುದಕ್ಕೆ ನನಗೆ ಸಂತೋಷವೇ ಆಯಿತು.

ಆದರೆ ಅವ್ವನ ಹಂಪಮ್ಮ ನನ್ನನ್ನು ಸ್ವಲ್ಪ ಯೋಚನೆಗೆ ಹಚ್ಚಿತು. ಅಜ್ಜಿಯ ಕಾಲಕ್ಕೆ ಆಕೆಯ ಓಣಿಯೊಂದರಲ್ಲೇ ಮೂವರು ಹಂಪಮ್ಮಂದಿರಿದ್ದರು. ಅಂಗಡಿ ಹಂಪಮ್ಮ, ಕಟ್ಟೆ ಹಂಪಮ್ಮ, ಎಮ್ಮೆ ಹಂಪಮ್ಮ. ನಮ್ಮ ಅಜ್ಜಿ ಎಮ್ಮೆಯವಳು. ಈಗ ಹನ್ನೊಂದು ವರ್ಷದಿಂದ ದವಾಖಾನೆಯಲ್ಲಿ ಹೆಸರು ಕೂಗುತ್ತಿದ್ದೇನೆ, ಒಬ್ಬ ಹಂಪಮ್ಮನೂ ಬಂದಿಲ್ಲ. ಹಾಗೆ ನೋಡಿದರೆ ಊರಿಗೊಬ್ಬಳೇ ಎನ್ನುವ ಹೆಸರು ಬೇಕಾದರೆ ಇವತ್ತು ಹಂಪಮ್ಮ ಎಂದೇ ಇಡಬೇಕು. ಇನ್ನು ಅರವತ್ತು ವರ್ಷಕ್ಕೆ ಈ ಸಾನ್ವಿಗಳೆಲ್ಲ ಬಿಸಿಲಿಗೆ ಕಾಲು ಚಾಚಿ ಕುಳಿತ ಅಜ್ಜಿಯರಾಗಿರುತ್ತಾರೆ. ಆಗ ಯಾರಾದರೂ ಕೂಸಿಗೆ ಸಾನ್ವಿ ಎಂದು ಇಡಹೋದರೆ, ಇದೇನು ಮುದುಕಿಯ ಹೆಸರು ಎಂದು ಸೊಸೆಯಂದಿರು ಮೂಗು ಮುರಿಯುತ್ತಾರೆ.

ನನ್ನ ಗಂಡನನ್ನು ಕೇಳಿದೆ. ಚರಿತ್ರೆಯ ಮೇಷ್ಟ್ರನ್ನು ಏನು ಕೇಳಿದರೂ ಉತ್ತರ ಐನೂರು ವರ್ಷ ಹಿಂದಿನಿಂದ ಶುರುವಾಗುತ್ತದೆ. ಹಂಪಿಯನ್ನು ಆಳಿದ ಅರಸರಲ್ಲೇ ಒಂದೇ ಹೆಸರಿನವರು ಇರಲಿಲ್ಲವೆ, ಅವರಿಗೆ ಒಂದನೆಯ, ಎರಡನೆಯ ಎಂದು ನಂಬರು ಹಾಕಿದವರು ನಾವು, ಅವರೇನೂ ಅದಕ್ಕೆ ಅಳುತ್ತ ಕೂರಲಿಲ್ಲ ಎಂದರು. ಅರಸರಿಗೇನು, ಅವರು ಪ್ರಬಂಧ ಸ್ಪರ್ಧೆಗೆ ಸೇರಿರಲಿಲ್ಲ ಎಂದು ನಾನು ಒಳಗೆ ಹೋದೆ.

ಇನ್ನು ಕೂಸಿನ ತಾಯಿಯ ವಿಷಯ. ಆಕೆಯ ಅಪ್ಪ ಹಂಪಿಯ ಗುಡಿಗಳ ದುರಸ್ತಿ ಕೆಲಸದ ಮೇಲ್ವಿಚಾರಕರಾಗಿದ್ದವರು, ಅವರ ಮನೆ ಹಂಪಿಯ ಪಕ್ಕದ ಕಮಲಾಪುರದಲ್ಲಿ. ಆಕೆ ಹುಟ್ಟಿದ ವರ್ಷ ಅವರು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಒಂದು ಹಳೆಯ ಕೊಳದ ಹೂಳು ತೆಗೆಸುತ್ತಿದ್ದರಂತೆ. ಆ ಸಂಭ್ರಮದಲ್ಲಿ ಮಗಳಿಗೆ ಪುಷ್ಕರಿಣಿ ಎಂದು ಹೆಸರಿಟ್ಟುಬಿಟ್ಟರು. ಎಷ್ಟು ಚೆಂದದ ಹೆಸರು ಎಂದು ನನಗೆ ಮದುವೆಯ ಕಾಗದದಲ್ಲಿ ನೋಡಿದಾಗಿನಿಂದ ಹೊಟ್ಟೆಕಿಚ್ಚು. ಆದರೆ ಮದುವೆಯಾದ ತಿಂಗಳಲ್ಲೇ ನಮ್ಮ ಅವ್ವ ಆಕೆಯನ್ನು ಪುಷ್ಪಾ ಎಂದು ಕರೆಯತೊಡಗಿದಳು. ಹಾಲಿನವನು, ಗ್ಯಾಸಿನವನು, ಟೇಲರು ಎಲ್ಲರೂ ಪುಷ್ಪಾ ಎಂದರು. ಆಕೆ ಒಂದು ದಿನವೂ ತಿದ್ದಲಿಲ್ಲ. ಸಂಕೋಚಕ್ಕೆ ಸುಮ್ಮನಿದ್ದಾಳೆ ಎಂದುಕೊಂಡು ನಾನೊಬ್ಬಳೇ ಹಟ ಹಿಡಿದು ಪೂರ್ತಿ ಹೆಸರು ಕರೆಯುತ್ತಿದ್ದೆ.

ತೊಟ್ಟಿಲಿಗೆ ಹಾಕುವ ಹಿಂದಿನ ದಿನ ಮಧ್ಯಾಹ್ನ, ಕಾರ್ಯ ನಡೆಯಲಿದ್ದ ಆಕೆಯ ತವರು ಕಮಲಾಪುರಕ್ಕೆ ಹೋದೆ. ಗುಗ್ಗರಿಗೆ ನೆನೆಹಾಕುವ ಕಡಲೆಯನ್ನು ನಾನೂ ಪುಷ್ಕರಿಣಿಯೂ ಮೊರದಲ್ಲಿ ಹಾಕಿಕೊಂಡು ಆರಿಸುತ್ತಿದ್ದೆವು. ಕೂಸು ಪಕ್ಕದಲ್ಲಿ ಮುಷ್ಟಿ ಬಿಗಿದು ಮಲಗಿತ್ತು. ನಾನು ಪಂಪಾ ಎಂಬ ಹೆಸರಿನ ಗುಣಗಾನ ಮಾಡಿದೆ. ಊರಿಗೆ ಒಬ್ಬಳೇ ಇರುತ್ತಾಳೆ, ಯಾವ ಪಂಪಾ ಎಂದು ಯಾರೂ ಕೇಳುವುದಿಲ್ಲ ಎಂದೆ. ಆಕೆ ಕಡಲೆಯಿಂದ ಕಣ್ಣೆತ್ತದೆ ಹೇಳಿದಳು:

"ಅಕ್ಕಾ, ನೀವು ಏನ್ ಹೆಸರಿಟ್ರೂ ನಾ ಬ್ಯಾಡ ಅನ್ನಂಗಿಲ್ರಿ. ಆದ್ರ ನನ್ನದೊಂದು ಆಸೆ ಐತಿ. ನಾ ಹುಟ್ಟಿ ಮೂವತ್ತು ವರ್ಷ ಆತು, ನನ್ ಹೆಸರಿನಾಕಿ ಇನ್ನೊಬ್ಬಾಕಿನ್ನ ಕಂಡಿಲ್ಲ. ಸಾಲ್ಯಾಗ ತಪ್ಪು ಮಾಡಿದ್ರ ನಾನ ಸಿಗ್ತಿದ್ದೆ, ಹೊಸಬ್ರು ಬಂದ್ರ ನನ್ನ ಎಬ್ಬಿಸಿ ನಿಲ್ಸಿ ಹೆಸರು ಕೇಳಿ ನಗ್ತಿದ್ರು. ಭಾಳ ಒಂಟಿ ಹೆಸರ್ರಿ ಅದು. ನನ್ ಮಗಳನ್ನ ಸಾಲಿ ಗೇಟಿನ ಮುಂದ ನಿಂತು ಕರದ್ರ ನಾಲ್ಕು ಹುಡಿಗ್ಯಾರು ತಿರುಗಿ ನೋಡ್ಬೇಕು."

ನಾನು ಕಲ್ಲಿಲ್ಲದ ಕಡಲೆಯಲ್ಲಿ ಬಹಳ ಹೊತ್ತು ಕಲ್ಲು ಹುಡುಕಿದೆ. ನನಗೆ ನಾಚಿಕೆಯಾಗಿತ್ತು, ಯಾಕೆಂದರೆ ಆ ಬಹುಮಾನದ ಕಥೆಯನ್ನು ಮೂವತ್ತು ವರ್ಷದಿಂದ ನಾನು ಅರ್ಧವೇ ಹೇಳುತ್ತಿದ್ದೆ. ನಿಮಗೂ ಅರ್ಧವೇ ಹೇಳಿದ್ದೇನೆ.

ಉಳಿದರ್ಧ ಹೀಗೆ. ನಾನು ಎರಡು ಮೆಟ್ಟಿಲು ಇಳಿದು ತಲೆ ತಗ್ಗಿಸಿ ಹೊರಟಾಗ ಸಂಡೂರು ಮಂಜುಳಾ ಎದುರಿಗೆ ಬಂದಳು. ನನ್ನ ಮಣಿಕಟ್ಟು ಹಿಡಿದಳು, ಬಿಡಲಿಲ್ಲ, ಎಳೆದುಕೊಂಡೇ ವೇದಿಕೆ ಹತ್ತಿದಳು. ಬಹುಮಾನ ಹಿಡಿದು ನಿಂತ ಅತಿಥಿಗಳಿಗೆ, "ಈಕಿನೂ ಮಂಜುಳಾನ ರೀ ಸರ್" ಎಂದಳು, ಅಷ್ಟೇ ಸಾಕೆಂಬಂತೆ. ಅವರಿಗೆ ಏನು ತೋಚಿತೋ, ಇಬ್ಬರ ಕೈಗೂ ಸೇರಿಸಿ ಕೊಟ್ಟರು. ಕೆಳಗೆ ಮೆಟ್ರಿ ಮಂಜುಳಾ ತನಗೇ ಬಂದಷ್ಟು ಜೋರಾಗಿ ಚಪ್ಪಾಳೆ ಹೊಡೆದಳು. ಬಹುಮಾನ ಒಂದು ನಿಘಂಟು. ಆರು ತಿಂಗಳು ಅವಳ ಮನೆಯಲ್ಲಿ, ಆರು ತಿಂಗಳು ನನ್ನ ಮನೆಯಲ್ಲಿ ಎಂದು ಅಂದು ಆದ ಒಪ್ಪಂದ ಇವತ್ತಿಗೂ ನಡೆದಿದೆ. ನಾನು ಸಾನ್ವಿಯನ್ನು ಹುಡುಕಿದ್ದು ಅದರಲ್ಲೇ. ಅದೇ ವರ್ಷ ನಮ್ಮ ಡೆಸ್ಕಿನಲ್ಲಿ ಒಂದು ಪ್ರೇಮಪತ್ರ ಸಿಕ್ಕಿತ್ತು. ಮೇಲೆ ಮಂಜುಳಾ ಎಂದಷ್ಟೇ ಇತ್ತು, ಒಳಗೆ ಉದ್ದ ಜಡೆಯ ವರ್ಣನೆ. ಮೂವರಿಗೂ ಉದ್ದ ಜಡೆ. ಅದು ಯಾರಿಗೆ ಬಂದದ್ದೆಂದು ಇನ್ನೂ ತೀರ್ಮಾನವಾಗಿಲ್ಲ, ಸೇರಿದಾಗಲೆಲ್ಲ ವಾದ ಮಾಡಿ ನಗುತ್ತೇವೆ. ಪುಷ್ಕರಿಣಿ ಎಂದು ಬರೆದ ಪತ್ರವಾಗಿದ್ದರೆ ಅದನ್ನು ಒಬ್ಬಳೇ ಓದಿ, ಒಬ್ಬಳೇ ಹೆದರಿ, ಒಬ್ಬಳೇ ಹರಿದುಹಾಕಬೇಕಾಗಿತ್ತು.

ಮರುದಿನ ಇಬ್ಬರು ಮಂಜುಳಾಗಳೂ ಬಂದಿದ್ದರು. ಮೆಟ್ರಿಯವಳು ಚೀಲ ತುಂಬ ಹಸಿ ಶೇಂಗಾ ತಂದಿದ್ದಳು. ಸಂಡೂರಿನವಳು ತನ್ನ ಹೊಲಿಗೆ ಅಂಗಡಿಗೆ ಬಾಗಿಲು ಹಾಕಿ, ಕುಲಾವಿ ಹೊಲಿದು ತಂದಿದ್ದಳು. ತೊಟ್ಟಿಲ ಕೆಳಗಿಂದ ಗೋವಿಂದನ್ನ ಕೊಡ್ರಿ, ಮೇಲಿಂದ ಗೋಪಾಲನ್ನ ತಗೊಳ್ರಿ ಎನ್ನುತ್ತ ಹೆಂಗಸರು ಕೂಸನ್ನು ಕೈಯಿಂದ ಕೈಗೆ ದಾಟಿಸಿ ಮಲಗಿಸಿದರು. ನನ್ನನ್ನು ಕರೆದರು. ಪುಷ್ಕರಿಣಿ ತೊಟ್ಟಿಲಿನ ಆ ಬದಿ ನಿಂತಿದ್ದಳು, ನನ್ನತ್ತ ನೋಡಲಿಲ್ಲ. ನಾನು ಬಗ್ಗಿದೆ. ಪಂಪಾ ಎನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು, ಸುಳ್ಳು ಯಾಕೆ ಹೇಳಲಿ. ಕೂಸಿನ ಕಿವಿ ಬಹಳ ಚಿಕ್ಕದಾಗಿತ್ತು. ಕುರ್‍ರ್ ಎಂದೆ, ಆಮೇಲೆ ಎಲ್ಲರಿಗೂ ಕೇಳುವಂತೆ ಮೂರು ಸಲ ಸಾನ್ವಿ ಎಂದೆ.

ಬೆನ್ನಿಗೆ ಬಿದ್ದ ಗುದ್ದುಗಳಲ್ಲಿ ಎಲ್ಲಕ್ಕಿಂತ ಜೋರಿನದು ಸಂಡೂರು ಮಂಜುಳಾಳದು. ಹೊಲಿಗೆ ಯಂತ್ರ ತಿರುಗಿಸಿ ಗಟ್ಟಿಯಾದ ಕೈ ಅದು. ಬೆನ್ನು ನೆಟ್ಟಗೆ ಮಾಡಿ ನೋಡಿದರೆ ಪುಷ್ಕರಿಣಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು. ಅವ್ವ ಮಾತ್ರ ಏನೂ ಆಗೇ ಇಲ್ಲವೆಂಬಂತೆ ಬಂದು ತೊಟ್ಟಿಲು ತೂಗುತ್ತ, ಹಂಪಮ್ಮ ಮಲಗಿದಳೇನು ಎಂದು ಕೇಳಿದಳು.

ತಿಂಗಳ ನಂತರ ಇಂಜೆಕ್ಷನ್ ಹಾಕಿಸಲು ಪುಷ್ಕರಿಣಿ ಕೂಸನ್ನೆತ್ತಿಕೊಂಡು ನಮ್ಮ ದವಾಖಾನೆಗೆ ಬಂದಳು. ಅಂದು ಸೋಮವಾರ, ಎಲ್ಲ ಬೆಂಚೂ ತುಂಬಿದ್ದವು. ಅವಳ ಸರದಿ ಬಂದಾಗ ನಾನು ಚೀಟಿ ನೋಡಿದೆ. ಹೆಸರಿನ ಮುಂದೆ ನನ್ನ ಕೈಯಲ್ಲೇ ಬರೆದ ಊರೂ ಇತ್ತು. ಬಾಗಿಲಿಗೆ ಬಂದು, ಊರನ್ನು ಬೇಕೆಂದೇ ಬಿಟ್ಟು, ಸಾನ್ವಿ ಎಂದಷ್ಟೇ ಕೂಗಿದೆ. ಐವರು ತಾಯಂದಿರು ಎದ್ದು ನಿಂತರು. ಪುಷ್ಕರಿಣಿ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಆಮೇಲೆ ಕೂಸನ್ನು ಎದೆಗೊತ್ತಿಕೊಂಡು ಆ ನಾಲ್ವರ ನಡುವೆ ಹಾಯಾಗಿ ನಿಂತುಕೊಂಡಳು. ಪಕ್ಕದವಳು ಏನೋ ಕೇಳಿದಳು, ಇವಳು ಏನೋ ಹೇಳಿದಳು, ಇಬ್ಬರೂ ಒಬ್ಬರ ಕೂಸನ್ನೊಬ್ಬರು ನೋಡಿ ನಕ್ಕರು. ಒಳಗಿನಿಂದ ಡಾಕ್ಟರು, ಯಾವ ಸಾನ್ವಿ ಎಂದು ಕೇಳುತ್ತಿದ್ದರು. ನಾನು ತಕ್ಷಣ ಉತ್ತರ ಕೊಡಲಿಲ್ಲ. ಅವಳು ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತಿರಲಿ ಎನಿಸಿತು.