ಹತ್ತು ಹೆಜ್ಜೆ ದೂರದ ನಲ್ಲಿ

ಅಕ್ಕನ ಕೈ ಉಳಿದದ್ದು ಆ ಬಾಟಲಿಯಿಂದ ಎಂದು ನಮ್ಮ ಶೆಡ್ಡಿನವರೆಲ್ಲ ಈಗಲೂ ಹೇಳುತ್ತಾರೆ. ನನಗೆ ಎರಡು ಆಕ್ಷೇಪಗಳಿವೆ. ಒಂದು, ಕೈ ಪೂರ್ತಿ ಉಳಿಯಲಿಲ್ಲ. ಎರಡು, ಬಾಟಲಿ ತೆರೆಯುವ ಹೊತ್ತಿಗೆ ತಡವಾಗಿತ್ತು.

ಕೆ.ಆರ್. ಪುರದ ಆಚೆಗಿದ್ದ, ಲೋಹದ ಸಾಮಾನುಗಳಿಗೆ ಲೇಪ ಹಾಕುವ ಪ್ಲೇಟಿಂಗ್ ಶೆಡ್ಡು ಅದು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳನ್ನು ಮನೆಯಲ್ಲಿಟ್ಟು, ನಾನು ಅಲ್ಲಿ ಮಾಲು ತಪಾಸಣೆಗೆ ಸೇರಿದ್ದೆ. ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದ, ಮರ್ಫಿ ಟೌನಿನಿಂದ ಬರುತ್ತಿದ್ದ ತಮಿಳು ಹೆಂಗಸು ಕೆಮಿಕಲ್ ತೊಟ್ಟಿಗಳ ಕೆಲಸದಲ್ಲಿದ್ದರು. ಮೈಮೇಲೆ ಕೆಮಿಕಲ್ ಬಿದ್ದರೆ ತೊಳೆಯುವ ದ್ರಾವಣದ ಬಾಟಲಿಯೊಂದು ಬೀಗ ಹಾಕಿದ ಗಾಜಿನ ಪೆಟ್ಟಿಗೆಯಲ್ಲಿತ್ತು, ಆಡಿಟ್‌ನವರಿಗೆ ತೋರಿಸಲು. ಬೀಗದ ಕೈ ಸೂಪರ್‌ವೈಸರ್ ಜೇಬಿನಲ್ಲಿ. ಆಯುಧಪೂಜೆಗೆ ಬಾಟಲಿಗೂ ಕುಂಕುಮ ಹಚ್ಚಿ, ಮತ್ತೆ ಒಳಗಿಟ್ಟಿದ್ದೆವು. ಸೀಲು ಮಾತ್ರ ಯಾರೂ ಮುರಿದಿರಲಿಲ್ಲ.

ಒಂದು ಮಧ್ಯಾಹ್ನ ಅಕ್ಕನ ಬಲಗೈ ಮೇಲೆ ಕಾಸ್ಟಿಕ್ ಸೋಡಾ ನೀರು ಚೆಲ್ಲಿತು. ನಲ್ಲಿ ಹತ್ತು ಹೆಜ್ಜೆ ದೂರವಿತ್ತು.

"ಬಾಟ್ಲಿ ತೆಗೀರಿ ಸಾರ್!" ಎಂದು ಪಾಲಿಶ್ ಮಾಡುವವನು ಕೂಗಿದ.

"ನಾಳೆ ಆಡಿಟ್ ಕಣಯ್ಯಾ. ಸೀಲ್ ಒಡೆದ್ರೆ ನಾನೇನ್ ತೋರಿಸ್ಲಿ?" ಎಂದರು ಸೂಪರ್‌ವೈಸರ್.

ನಾನು ನಡುವೆ ಬಾಯಿ ಹಾಕಿದೆ. "ಬಾಟ್ಲಿ ಯಾಕ್ರೀ? ಕಾಸ್ಟಿಕ್ ಅಂದ್ರೆ ಕ್ಷಾರ. ನಿಂಬೆಹಣ್ಣು ಆಮ್ಲ. ಹಿಂಡಿದ್ರೆ ಎರಡೂ ಕ್ಯಾನ್ಸಲ್."

"ಬಂದ್ರಪ್ಪ ಲಾಯರ್ರು. ಅದೇನು ಕೈನಾ, ಪಾನಕಾನಾ?" ಎಂದ ಪಾಲಿಶ್‌ನವನು.

ನನಗೆ ರೇಗಿತು. 'ಮೊದಲನೆಯದಾಗಿ' ಎಂದು ಬೆರಳೆತ್ತಿದೆ. ಅಕ್ಕ ಕೈ ಚಾಚಿಕೊಂಡು, ಮಾತಾಡುವವರ ಮುಖಗಳನ್ನು ಒಂದೊಂದಾಗಿ ನೋಡುತ್ತ ನಿಂತಿದ್ದರು. ನಾನು ಮೂರನೆಯ ಬೆರಳು ಎತ್ತುವಾಗ ಸೂಪರ್‌ವೈಸರ್ ಬೀಗ ತೆಗೆದರು. ಬಾಟಲಿ ಅರ್ಧ ನಿಮಿಷದಲ್ಲಿ ಖಾಲಿಯಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: "ಬಿದ್ದ ತಕ್ಷಣ ನೀರು ಎಷ್ಟು ಹೊತ್ತು ಬಿಟ್ರಿ?" ವಾದ ಮಾಡಿದ್ದ ಮೂವರೂ ಅಲ್ಲೇ ಇದ್ದೆವು.

ತೊಟ್ಟಿ ಕೆಲಸ ಅಕ್ಕನ ಕೈ ಬಿಟ್ಟುಹೋಯಿತು. ಬೆರಳುಗಳಿಗೆ ಹಿಡಿತವಿರಲಿಲ್ಲ. ತಿಂಗಳುಗಳ ನಂತರ ಅವರ ಮನೆಗೆ ಹೋದೆ. ಕುದಿಯುವ ಟೀ ಲೋಟವನ್ನು ಅದೇ ಬಲ ಅಂಗೈ ಮೇಲಿಟ್ಟುಕೊಂಡು ತಂದರು.

"ಸುಡಲ್ವಾ ಅಕ್ಕಾ?"

"ಗೊತ್ತೇ ಆಗಲ್ಲ ತಂಬಿ. ನೀ ಕುಡಿ, ಆರೋಗತ್ತೆ."

ಕುಡಿದೆ. ನನಗೂ ಏನೂ ಅನ್ನಿಸಲಿಲ್ಲ. ಏನಾದರೂ ಅನ್ನಿಸಬೇಕಿತ್ತು ಎಂಬುದಷ್ಟೇ ತಿಳಿದಿತ್ತು. ಲೋಟ ಕೆಳಗಿಟ್ಟು ಕೇಳಿದೆ:

"ಅಕ್ಕಾ, ನಲ್ಲಿ ಅಲ್ಲೇ ಇತ್ತಲ್ಲ. ನಾನು ಮಾತು ಮುಗಿಸ್ಲಿ ಅಂತ ಕಾಯ್ತಿದ್ರಾ?"